ಮುಸುಕಿನೊಳಗಿನ ಮಾತು

ಅಗಡಿಯ ತಿರಕಪ್ಪನಿಗೆ ಇಸ್ಪೀಟು ಅಂದರೆ ಮೊದಲಿನಿಂದಲೂ ಆಗದು. ದೀಪಾವಳಿ ಪಾಡ್ಯದ ದಿನ ಊರಿನ ದೊಡ್ಡವರು ಸಣ್ಣವರೆಲ್ಲ ಕಟ್ಟೆಯ ಮೇಲೆ ಎಲೆ ಹಾಕಿಕೊಂಡು ಕೂತರೂ ಅವನು ಆ ಕಡೆ ಮುಖ ಮಾಡಿದವನಲ್ಲ. ಅಂಥವನ ಮಗ ಮಾಲತೇಶ ಗೋವಾಕ್ಕೆ ಹೋಗಿ, ಪೋಕರ್ ಎಂಬ ಇಸ್ಪೀಟಿನ ಪಂದ್ಯದಲ್ಲಿ ದೇಶದ ಮೂಲೆಮೂಲೆಯಿಂದ ಬಂದ ನಾನೂರು ಚಿಲ್ಲರೆ ಜನರನ್ನು ಎಬ್ಬಿಸಿ ಕಳಿಸಿ, ಮೊದಲ ಬಹುಮಾನ ಹೊಡೆದ ಸುದ್ದಿ ಬಂತು. ಬೈಯಬೇಕೋ ನಗಬೇಕೋ ತಿಳಿಯದೆ ತಿರಕಪ್ಪ ಹಿತ್ತಲಿಗೆ ಹೋಗಿ, ಮೇವು ಹಾಕಿದ್ದ ಎತ್ತುಗಳಿಗೆ ಮತ್ತೊಮ್ಮೆ ಮೇವು ಹಾಕಿದ.

ಸೊಸೆ ದೀಪಿಕಾ ಫೋನು ಹಿಡಿದುಕೊಂಡು ಅಲ್ಲಿಗೇ ಬಂದಳು. "ಮಾವಾರ, ಇಲ್ಲೆ ಪಟ್ಟಿ ಹಾಕ್ಯಾರ ನೋಡ್ರಿ. ಒಂದನೇದ್ದು ನಮ್ಮವರು, ಅರವತ್ತು ಲಕ್ಷ. ಎರಡನೇದ್ದು ರಫೀಕ್, ನಲವತ್ತು. ಮೂರನೇದ್ದು ದಿಲ್ಲಿಯಾಂವ, ಇಪ್ಪತ್ತೈದು."

"ಯಾವ ರಫೀಕ? ನಮ್ಮ ಚಮನನ ಮಗನ?"

"ಅವನ ರೀ. ಇಬ್ಬರೂ ಕೂಡೇ ಹೋಗಿದ್ರಲ್ಲ."

ತಿರಕಪ್ಪನ ಮುಖ ಆಗ ಅರಳಿತು. ಮಗ ಗೆದ್ದದ್ದಕ್ಕಿಂತ ಹೆಚ್ಚಾಗಿ, ಚಮನಸಾಬನ ಮಗನೂ ಪಕ್ಕದಲ್ಲೇ ನಿಂತನಲ್ಲ ಎಂಬುದೇ ಅವನಿಗೆ ಹಿಗ್ಗು. ಮೋಟೆಬೆನ್ನೂರಿನ ಚಮನಸಾಬ ಮತ್ತು ಅಗಡಿಯ ತಿರಕಪ್ಪ ಹಾವೇರಿಯ ದನದ ಸಂತೆಯಲ್ಲಿ ಮೂವತ್ತು ವರ್ಷದ ದಲಾಲರು. ಒಬ್ಬ ಮಾರುವವನ ಕಡೆ ನಿಂತರೆ ಇನ್ನೊಬ್ಬ ಕೊಳ್ಳುವವನ ಕಡೆ. ಹಲ್ಲು ನೋಡುವಾಗ, ಸುಳಿ ನೋಡುವಾಗ ಹಾವು ಮುಂಗುಸಿಯಂತೆ ಜಗಳಾಡುವರು. ಮಧ್ಯಾಹ್ನ ಒಂದೇ ಬುತ್ತಿಯ ರೊಟ್ಟಿ ಮುರಿಯುವರು. ಅವರ ಹುಡುಗರೂ ಹಾಗೆಯೇ ಕೂಡಿ ಬೆಳೆದವರು. ರಫೀಕ್ ಬ್ಯಾಡಗಿಯಲ್ಲಿ ಮೆಣಸಿನಕಾಯಿ ಇಡುವ ಕೋಲ್ಡ್ ಸ್ಟೋರೇಜಿನಲ್ಲಿ ಲೆಕ್ಕ ನೋಡುತ್ತಿದ್ದ. ಮಾಲತೇಶ ರಾಣೆಬೆನ್ನೂರಿನಲ್ಲಿ ಬೀಜದ ಅಂಗಡಿ ಇಟ್ಟಿದ್ದ. ಇಬ್ಬರೂ ಫೋನಿನಲ್ಲಿ ಆಡಿ ಆಡಿ ಆಟ ಕಲಿತರು. ಫೋನಿನ ಆಟವನ್ನು ಸರಕಾರ ಬಂದ್ ಮಾಡಿದ ಮೇಲೆ ಗೋವಾದ ದಾರಿ ಹಿಡಿದರು.

ಆ ಪಂದ್ಯದ ಕೊನೆಯ ದಿನದ ಆಟವನ್ನು ಕ್ಯಾಮೆರಾ ಇಟ್ಟು ತೋರಿಸಿದ್ದರಂತೆ. ದೀಪಿಕಾ ಅದನ್ನು ಟೀವಿಗೆ ಜೋಡಿಸಿದಳು. ಓಣಿಯ ಮಂದಿಯೆಲ್ಲ ಪಡಸಾಲೆಯಲ್ಲಿ ತುಂಬಿತು. ನಿನ್ನೆಯವರೆಗೆ "ತಿರಕಪ್ಪನ ಮಗ ಜೂಜುಕೋರ ಆಗ್ಯಾನ" ಎಂದು ಆಡಿಕೊಂಡವರೇ ಮುಂದಿನ ಸಾಲಿನಲ್ಲಿ ಚಕ್ಕಳಮಕ್ಕಳ ಹಾಕಿ ಕೂತಿದ್ದರು. ಗೆದ್ದೆತ್ತಿನ ಬಾಲ ಹಿಡಿಯುವ ಜನಕ್ಕೆ ಯಾವ ಊರಿನಲ್ಲೂ ಬರವಿಲ್ಲ.

ತಿರಕಪ್ಪನಿಗೆ ಎಲೆಯ ಆಟ ಒಂದೂ ತಿಳಿಯಲಿಲ್ಲ. ಆದರೆ ನಡುವೆ ಒಂದು ಗಳಿಗೆ ಬಂತು. ದಿಲ್ಲಿಯವನೂ ಸೋತು ಎದ್ದುಹೋಗಿ, ಟೇಬಲ್ಲಿನಲ್ಲಿ ಹಾವೇರಿಯ ಈ ಇಬ್ಬರೇ ಉಳಿದರು. ಆಟಕ್ಕೆ ಸ್ವಲ್ಪ ವಿರಾಮ ಕೊಟ್ಟರು. ಹುಡುಗರಿಬ್ಬರೂ ಎದ್ದು ಒಂದು ಬದಿಗೆ ನಿಂತರು. ರಫೀಕ್ ತನ್ನ ಜರ್ಕಿನ್ ತೆಗೆದು ಮುಂಗೈ ಮೇಲೆ ಹಾಕಿಕೊಂಡ. ಮಾಲತೇಶ ಅದರ ಕೆಳಗೆ ಕೈ ತೂರಿಸಿದ.

ತಿರಕಪ್ಪ ನೆಟ್ಟಗೆ ಕೂತ.

ದನದ ಸಂತೆ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾಣದವರಿಗೆ ಹೇಳಬೇಕು. ಅಲ್ಲಿ ದಲಾಲರು ಬೆಲೆಯನ್ನು ಬಾಯಿಂದ ಆಡುವುದಿಲ್ಲ. ಹೆಗಲ ಟುವಾಲನ್ನು ಇಬ್ಬರ ಕೈಯ ಮೇಲೆ ಹಾಸಿ, ಅದರ ಕೆಳಗೆ ಒಬ್ಬರ ಬೆರಳು ಒಬ್ಬರು ಹಿಡಿದು ಒತ್ತಿ ಬೆಲೆ ಕುದುರಿಸುತ್ತಾರೆ. ಸುತ್ತ ನೂರು ಜನ ನಿಂತಿದ್ದರೂ ಒಬ್ಬರಿಗೂ ತಿಳಿಯದು. ಒಪ್ಪಿಗೆಯಾದರೆ ಅಂಗೈ ತುಂಬ ಒಂದು ಹಿಡಿತ, ಅಷ್ಟೇ. ಚೀಟಿಯಿಲ್ಲ, ಸಾಕ್ಷಿಯಿಲ್ಲ. ಮುಸುಕಿನಲ್ಲಿ ಆದ ಮಾತನ್ನು ಮೂರನೆಯವನಿಗೆ ಹೇಳುವುದೂ ತಪ್ಪು, ಆಮೇಲೆ ಇಲ್ಲವೆನ್ನುವುದೂ ತಪ್ಪು. ಮೊದಲನೆಯದಕ್ಕೆ ಬೈಗುಳ ಬೀಳುತ್ತದೆ, ಎರಡನೆಯದಕ್ಕೆ ಕ್ಷಮೆಯೇ ಇಲ್ಲ.

ಟೀವಿಯಲ್ಲಿ ಯಾರೋ ಇಂಗ್ಲಿಷಿನಲ್ಲಿ, ಗೆಳೆಯರು ಪರಸ್ಪರ ಶುಭ ಕೋರುತ್ತಿದ್ದಾರೆ ಎಂದು ಹೇಳಿದನಂತೆ. ಅವನ ಮುಖಕ್ಕೆ ಏನು ತಿಳಿಯಬೇಕು! ತಿರಕಪ್ಪ ಮಗನ ಮೊಳಕೈ ಅಲುಗುವುದನ್ನು ನೋಡಿದ, ಭುಜ ಸಡಿಲಾದುದನ್ನು ನೋಡಿದ, ಕತ್ತು ತುಸು ಬಾಗಿದ್ದನ್ನು ನೋಡಿದ. ಮಾತು ಮುಗಿಯಿತು, ಅಂಗೈ ಹಿಡಿತ ಬಿತ್ತು. "ಕುದರ್ತು!" ಎಂದು ತೊಡೆ ತಟ್ಟಿಯೇಬಿಟ್ಟ. ಏನು ಎಂದು ಜನ ಕೇಳಿದರೆ "ಏನಿಲ್ಲ, ನೋಡ್ರಿ ನೋಡ್ರಿ" ಎಂದ. ಇಷ್ಟು ವರ್ಷ ತನ್ನ ಕಸುಬನ್ನು ಕಂಡರೆ ಮೂಗು ಮುರಿಯುತ್ತಿದ್ದ ಮಗ, ಅಷ್ಟು ದೊಡ್ಡ ಹೋಟೆಲಿನಲ್ಲಿ, ಅಷ್ಟು ಕ್ಯಾಮೆರಾದ ಎದುರಿಗೆ, ಅಪ್ಪನ ಕಸುಬು ಮಾಡಿದ್ದ. ತಿರಕಪ್ಪನ ಕಣ್ಣು ಒದ್ದೆಯಾಯಿತು.

ಮರುದಿನ ಮಾಲತೇಶ ಬಂದ. ಡೊಳ್ಳು ಬಂತು, ಹಾರ ಬಂತು, ತಾಯಿ ಉಚ್ಚಂಗೆವ್ವ ಮಗನಿಗೆ ಆರತಿ ಎತ್ತಿ ದೃಷ್ಟಿ ತೆಗೆದಳು. ಬರುವ ಭಾನುವಾರ ರಾಣೆಬೆನ್ನೂರಿನ ಬೀಜದ ವ್ಯಾಪಾರಿಗಳೆಲ್ಲ ಸೇರಿ ಸನ್ಮಾನ ಇಟ್ಟುಕೊಂಡಿದ್ದರು. ಅದರ ಬ್ಯಾನರಿನ ಚಿತ್ರವೂ ಫೋನಿಗೆ ಬಂದಾಗಿತ್ತು. ಗದ್ದಲವೆಲ್ಲ ಕರಗಲು ಒಂದು ದಿನ ಹಿಡಿಯಿತು. ಮಂಗಳವಾರ ಬೆಳಗಿನ ಚಹಾಕ್ಕೆ ಮನೆಯವರಷ್ಟೇ ಉಳಿದಾಗ ತಿರಕಪ್ಪ ಮೀಸೆಯಲ್ಲೇ ನಗುತ್ತ ಮಗನ ಮಂಡಿ ತಟ್ಟಿದ.

"ಎಷ್ಟಕ್ಕ ಕುದರಿಸಿದಿಲೇ? ಅರ್ಧಾ ಅರ್ಧಾನ?"

ಮಾಲತೇಶ ಚಹಾದ ಬಸಿಯನ್ನು ತುಟಿಯಿಂದ ಇಳಿಸಲಿಲ್ಲ. "ಏನ್ ಕುದರಿಸೋದು?"

"ಜರ್ಕಿನ್ ಕೆಳಗ ಕೈ ಹಾಕಿದಿಯಲ್ಲ. ನನಗ ಕಾಣಂಗಿಲ್ಲೇನು?"

"ಅದಾ? ಸುಮ್ಮ ಚ್ಯಾಷ್ಟಿ ಮಾಡಿದ್ವಿ."

ತಿರಕಪ್ಪನ ನಗು ಮೀಸೆಯಲ್ಲೇ ಸಿಕ್ಕಿಬಿತ್ತು. ಸಂತೆಯಲ್ಲಿ ಸುಳ್ಳು ಹೇಳುವವರನ್ನು ಅವನು ದಿನಾ ನೋಡುತ್ತಿದ್ದ. ಕುಂಟುವ ಎತ್ತನ್ನು ಮಾರುವವನು ಹೀಗೆಯೇ ಎತ್ತಿನ ಕಡೆಗೆ ನೋಡದೆ ಮಾತಾಡುತ್ತಾನೆ.

"ಮುಸುಕಿನ್ಯಾಗ ಕೈ ಹಾಕಿ ಚ್ಯಾಷ್ಟಿ ಮಾಡೋ ರೂಢಿ ನಮ್ಮ ಮನ್ಯಾಗ ಇಲ್ಲ. ಖರೇ ಹೇಳು."

ಮಾಲತೇಶ ಬಸಿಯನ್ನು ಕುಕ್ಕಿ ಇಟ್ಟ. "ಅಪ್ಪಾ, ಅದು ನಿನ್ನ ದನದ ಸಂತಿ ಅಲ್ಲ. ಅಲ್ಲೆ ಕಾಯಿದೆ ಅದಾವ. ಇಬ್ಬರ ಉಳದಾಗ ಅಲ್ಲಿ ಮ್ಯಾನೇಜರ ಬಂದು ಕೇಳ್ತಾನ, ಬಹುಮಾನ ಹಂಚಿಕೊಳ್ಳೋ ಮಾತೇನರ ಐತೇನಂತ. ಐತಿ ಅಂದ್ರ ಪಟ್ಟಿ ತಿದ್ದಿ ಸಹಿ ತಗೋತಾನ. ನಾನೂ ಇಲ್ಲ ಅಂದೆ, ರಫೀಕನೂ ಇಲ್ಲ ಅಂದ. ವಿಡಿಯೋದಾಗ ಐತಿ, ಬೇಕಾದ್ರ ನೋಡು. ಪಟ್ಟಿ ಪ್ರಕಾರ ಕೊಟ್ರು, ಪಟ್ಟಿ ಪ್ರಕಾರ ತಗೊಂಡ್ವಿ. ಮುಗೀತು."

"ಇಲ್ಲ ಅನ್ನಲಾರದ ಮತ್ತೇನ ಅಂತಾನಲೇ ಅಂವ? ಚಮನಸಾಬನ ಮಗ! ಮುಸುಕಿನ್ಯಾಗ ಆದ ಮಾತು ಮೂರನೇದಾವನ ಮುಂದ ಒದರ್ತಾನೇನು?"

"ಒದರಬೇಕಿತ್ತು. ಒದರಲಿಲ್ಲ. ತಪ್ಪು ಅವಂದು."

ಪಿತ್ತ ನೆತ್ತಿಗೇರುವುದು ಎಂದರೆ ಏನೆಂದು ತಿರಕಪ್ಪನಿಗೆ ಆಗ ತಿಳಿಯಿತು. ಆ ಹುಡುಗ ರಫೀಕ್ ಮಾಡಿದ ತಪ್ಪೆಂದರೆ ಇಷ್ಟೇ: ದೊಡ್ಡವರು ಕಲಿಸಿದ್ದನ್ನು ಚಾಚೂ ತಪ್ಪದೆ ಪಾಲಿಸಿದ್ದು. ಪರರ ಊರಿನಲ್ಲಿ, ಕೋಟು ಹಾಕಿದವನು ಬಂದು ಕೇಳಿದಾಗಲೂ ಮುಸುಕಿನ ಮಾತನ್ನು ಹೊರಗೆ ಹಾಕಲಿಲ್ಲ. ಅವನು ಬಾಯಿ ಮುಚ್ಚಿಕೊಂಡಿದ್ದನ್ನೇ ಇವನು ಈಗ ಪುರಾವೆ ಮಾಡಿಕೊಂಡು ಕೂತಿದ್ದಾನೆ!

ಒಳಗಿನಿಂದ ದೀಪಿಕಾ ಹೊರಗೆ ಬಂದಳು. ಗಂಡನ ಎದುರಿಗೆ ನಿಂತಳೇ ಹೊರತು ಅವನ ಕಡೆ ನೋಡಲಿಲ್ಲ. "ಮಾವಾರ, ಇವರು ಸುಳ್ಳ ಹೇಳಾಕತ್ತಾರ. ಆ ಹೊತ್ತಿನ್ಯಾಗ ನನಗ ಫೋನ್ ಹಚ್ಚಿದ್ರು. 'ಅರ್ಧಾ ಅರ್ಧಾ ಮಾತಾಗೇತಿ, ಇನ್ನ ಸೋತ್ರೂ ಐವತ್ತು ನಮ್ಮದು, ಅಂಜೂದಿಲ್ಲ' ಅಂದ್ರು. ಈ ಕಿವಿಲೇ ಕೇಳೇನಿ."

"ನೀ ಒಳಗ ನಡಿ," ಎಂದ ಮಾಲತೇಶ.

"ಯಾಕ ನಡೀಲಿ? ನಿನ್ನೆಯಿಂದ ರಫೀಕಣ್ಣ ಫೋನ್ ಮಾಡಾಕತ್ತಾನ. ಎತ್ತವಲ್ರಿ ನೀವು. ಕಡೀಕ ನನಗ ಮಾಡಿದ. ಏನ ಹೇಳಲಿ ನಾ ಅವಗ? ಜಳಕಕ್ಕ ಹೋಗ್ಯಾರ ಅಂತ ಎಷ್ಟ ಸಲ ಹೇಳಲಿ?"

"ಅವಗ ಕೊಡೂದು ಎಷ್ಟಲೇ?" ತಿರಕಪ್ಪ ಕೇಳಿದ.

ದೀಪಿಕಾಳೇ ಹೇಳಿದಳು. ಅರವತ್ತು ನಲವತ್ತು ಕೂಡಿಸಿ ಅರ್ಧ ಮಾಡಿದರೆ ಐವತ್ತೈವತ್ತು. ಇವನಿಂದ ಅವನಿಗೆ ಹತ್ತು ಹೋಗಬೇಕು. ಬಹುಮಾನದಲ್ಲಿ ನೂರಕ್ಕೆ ಮೂವತ್ತು ತೆರಿಗೆ ಅಲ್ಲೇ ಹಿಡಿದುಕೊಂಡಿದ್ದರಿಂದ ಕೈಗೆ ಬಂದ ಲೆಕ್ಕದಲ್ಲಿ ಏಳು ಲಕ್ಷ.

ಏಳು ಲಕ್ಷ! ನಲವತ್ತೆರಡು ಲಕ್ಷ ಖಾತೆಯಲ್ಲಿ ಇಟ್ಟುಕೊಂಡವನು ಏಳು ಲಕ್ಷಕ್ಕಾಗಿ ತಂದೆಯ ಮುಖಕ್ಕೆ ಸುಳ್ಳು ಹೇಳುತ್ತಿದ್ದ. ಕೈಯಲ್ಲಿ ಏನೂ ಇಲ್ಲದಿದ್ದಾಗ ಕೊಟ್ಟುಬಿಡುತ್ತಿದ್ದನೇನೋ. ರೊಕ್ಕ ಬಂದ ಮೇಲೆಯೇ ಮನುಷ್ಯನಿಗೆ ರೊಕ್ಕದ ಹಸಿವು ಹತ್ತುವುದು.

"ನೀ ಸೋತಿದ್ದರ ಅಂವ ಕೊಡತಿದ್ದಿಲ್ಲೇನು?"

"ಕೊಡತಿದ್ದನೋ ಇಲ್ಲೋ, ಯಾರಿಗೆ ಗೊತ್ತು?"

ತಿರಕಪ್ಪನ ಕೈ ಎದ್ದದ್ದು ಅವನಿಗೇ ತಿಳಿಯಲಿಲ್ಲ. ಕಪಾಳಕ್ಕೆ ಬಿದ್ದ ಏಟಿಗೆ ಉಚ್ಚಂಗೆವ್ವ ಅಡಿಗೆಮನೆಯಿಂದ ಓಡಿ ಬಂದು ನಡುವೆ ನಿಂತಳು. "ಮನೀಗೆ ಲಕ್ಷ್ಮಿ ಬಂದಾಳ, ಬಂದ ಬಾಗಲದಾಗ ನಿಂತು ಜಗಳಾ ಮಾಡ್ತೀರೇನ್ರಿ!" ಎಂದು ಅತ್ತಳು.

ಮಾಲತೇಶ ಕೆನ್ನೆ ಸವರಿಕೊಂಡು ಎದ್ದ. "ಹೊಡಿ. ಇನ್ನೊಂದು ಹೊಡಿ. ರೊಕ್ಕ ಅಂತೂ ನನ್ನ ಖಾತೆದಾಗ ಐತಿ."

ಅಷ್ಟು ಹೇಳಿ ಬೈಕು ಹತ್ತಿ ರಾಣೆಬೆನ್ನೂರಿನ ಅಂಗಡಿಗೆ ಹೋದ.

ಬುಧವಾರವೆಲ್ಲ ತಿರಕಪ್ಪ ಚಮನಸಾಬನಿಗೆ ಫೋನು ಮಾಡಬೇಕೆಂದು ಹತ್ತು ಸಲ ಎತ್ತಿ ಹತ್ತು ಸಲ ಇಟ್ಟ. ಮಗನ ಮೇಲಿನ ಸಿಟ್ಟು ಒಮ್ಮೊಮ್ಮೆ ಚಮನಸಾಬನ ಮೇಲೂ ತಿರುಗುತ್ತಿತ್ತು: ನೆಟ್ಟಗೆ ಬಂದು ಬಾಗಿಲಲ್ಲಿ ನಿಂತು ನಾಲ್ಕು ಬೈದು ಹೋಗಬಾರದೇ ಈ ಸಾಬ? ಬೈದರೆ ತಿರುಗಿ ಬೈಯಬಹುದಿತ್ತು, ಕಾಲು ಹಿಡಿಯಬಹುದಿತ್ತು. ಅವನು ಬರಲೂ ಇಲ್ಲ, ಫೋನನ್ನೂ ಮಾಡಲಿಲ್ಲ.

ಗುರುವಾರ ಸಂತೆ. ಹಲಗೇರಿಯ ಪ್ರಭುಲಿಂಗಪ್ಪ ಎಂಬ ರೈತ ಒಂದು ಜೋಡಿ ಕಿಲಾರಿ ಎತ್ತು ಹೊಡೆದುಕೊಂಡು ಬಂದು ತಿರಕಪ್ಪನ ಕೈಗೆ ಹಗ್ಗ ಕೊಟ್ಟ. ಎತ್ತುಗಳು ಚೆಲುವಾಗಿದ್ದವು. ಸ್ವಲ್ಪ ಹೊತ್ತಿಗೆ ಕೊಳ್ಳುವವರ ಪರವಾಗಿ ಚಮನಸಾಬ ಬಂದ. ಹಲ್ಲು ನೋಡಿದ, ಗೊರಸು ನೋಡಿದ, ಬೆನ್ನ ಮೇಲೆ ಕೈಯಾಡಿಸಿದ. ತಿರಕಪ್ಪನ ಮುಖವೊಂದನ್ನು ಬಿಟ್ಟು ಎಲ್ಲವನ್ನೂ ನೋಡಿದ.

ತಿರಕಪ್ಪ ಕೈ ಮುಂದೆ ಚಾಚಿದ. ಚಮನಸಾಬನ ಟುವಾಲು ಹೆಗಲ ಮೇಲೆಯೇ ಇತ್ತು. ಅವನು ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಸುತ್ತಲಿನವರಿಗೆಲ್ಲ ಕೇಳುವ ಹಾಗೆ ಗಟ್ಟಿಯಾಗಿ ಹೇಳಿದ: "ಒಂದು ಲಕ್ಷ ಹತ್ತು ಸಾವಿರ. ಆಗ್ತದಂದ್ರ ಆಗ್ತದನ್ನು, ಇಲ್ಲಂದ್ರ ಇಲ್ಲನ್ನು."

ಸುತ್ತ ನಿಂತವರು ತಿರುಗಿ ನೋಡಿದರು. ದಲಾಲ ಬಾಯಿಂದ ಬೆಲೆ ಆಡುವುದನ್ನು ಆ ಸಂತೆಯಲ್ಲಿ ಯಾರೂ ಕೇಳಿರಲಿಲ್ಲ. ನಡುಬೀದಿಯಲ್ಲಿ ಧೋತರ ಬಿಚ್ಚಿದ್ದರೂ ತಿರಕಪ್ಪನಿಗೆ ಅಷ್ಟು ನಾಚಿಕೆಯಾಗುತ್ತಿರಲಿಲ್ಲ.

"ಟುವಾಲ ಹಾಕೋ ಚಮನಾ," ಎಂದ.

"ಬ್ಯಾಡಪ. ಮುಸುಕಿನ್ಯಾಗ ಆದದ್ದಕ್ಕ ಸಾಕ್ಷಿ ಇರಂಗಿಲ್ಲಂತ. ನಿನ್ನ ಮಗ ಹೇಳ್ಯಾನ, ರಫೀಕಗ. ನಿನ್ನೆ ಅಂಗಡಿಗೇ ಹೋಗಿದ್ದ ನಮ್ಮ ಹುಡುಗ. ಗಿರಾಕಿ ಮುಂದ ನಿಂದ್ರಿಸಿ ಹೇಳ್ಯಾನ, ಪಟ್ಟಿ ನೋಡಿಕೋ ಹೋಗು ಅಂತ."

"ನನಗ ಗೊತ್ತಿದ್ದಿಲ್ಲೋ, ಅಂಗಡಿಗೆ ಹೋಗಿದ್ದು."

"ನಾ ರೊಕ್ಕ ಕೇಳಾಕ ಬಂದಿಲ್ಲ ತಿರಕಪ್ಪಾ. ಏಳು ಲಕ್ಷ ಇಲ್ಲಂದ್ರ ನನ್ನ ಮಗ ಸಾಯಂಗಿಲ್ಲ, ಅವನ ಪಾಲಿಂದೂ ಬಂದೈತಿ. ಆದರ ಅಂವ ನನ್ನ ಕೇಳಿದ. 'ಅಬ್ಬಾ, ಮೂವತ್ತು ವರ್ಷ ಇಂಥಾವರ ಕೂಡ ಕೈ ಹಾಕಿ ವ್ಯಾಪಾರ ಮಾಡಿದಿಯಾ?' ಅಂದ. ಏನ ಹೇಳಲಿ?"

ಇಂಥವರು. ಆ ಒಂದು ಮಾತು ಸಾಕಾಯಿತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ಇಲ್ಲಿ ಅಡಿಕೆ ತಿಂದವನು ಮಗ, ಮಾನ ಹೋದದ್ದು ತಂದೆಯದು.

ಆ ಸಂತೆಯಲ್ಲಿ ಒಂದು ರೂಢಿಯಿದೆ. ಮುಸುಕಿನಲ್ಲಿ ಕೈ ಹಾಕಿ ಮಾತು ತಪ್ಪಿದವನ ಹೆಸರನ್ನು, ಮೋಸ ಹೋದವನು ನೀರಿನ ತೊಟ್ಟಿಯ ಕಟ್ಟೆ ಹತ್ತಿ ಮೂರು ಸಲ ಒದರುತ್ತಾನೆ. ಪೊಲೀಸರಿಲ್ಲ, ಪಂಚಾಯಿತಿಯಿಲ್ಲ, ದಂಡವಿಲ್ಲ. ಆದರೆ ಅಂದಿನಿಂದ ಆ ಸಂತೆಗೆ ಬರುವ ಯಾರೂ ಅವನ ಕೈ ಹಿಡಿಯುವುದಿಲ್ಲ. ಎತ್ತು ಕೊಡುವುದಿಲ್ಲ, ಬೀಜ ತರುವುದಿಲ್ಲ, ಹೆಣ್ಣು ಕೊಡುವ ಮಾತು ಬಂದರೂ ಒಮ್ಮೆ ಹಿಂದೆ ಮುಂದೆ ನೋಡುತ್ತಾರೆ. ಅದಕ್ಕೇ ವರ್ಷಗಟ್ಟಲೆ ಆ ಕಟ್ಟೆ ಹತ್ತುವ ಪ್ರಸಂಗವೇ ಬರುವುದಿಲ್ಲ.

"ಒದರು," ಎಂದ ತಿರಕಪ್ಪ. "ನಿಂದು ಹಕ್ಕೈತಿ. ಹತ್ತಿ ಒದರು."

"ಹುಚ್ಚ ಹಿಡದೈತೇನು? ನಿನ್ನ ಮಗನ ಹೆಸರ ನಾ ಒದರಲಾ? ಅಂವ ಹುಟ್ಟಿದಾಗ ಸಂತ್ಯಾಗ ಫೇಡೆ ಹಂಚಿದಾಂವ ನಾ."

"ನೀ ಒದರಲಿಲ್ಲಂದ್ರ ನಾ ಒದರ್ತೇನಿ."

"ತಿರಕಪ್ಪಾ, ಬ್ಯಾಡ. ಮಾತ ಕೇಳು. ನಾ ಸಿಟ್ಟಿನ್ಯಾಗ ಅಂದೆ. ತಗೋ, ಟುವಾಲ ಹಾಕ್ತೇನಿ, ಕೈ ತಾ ಇಲ್ಲೆ." ಚಮನಸಾಬ ಟುವಾಲು ಎಳೆದು ಅವನ ತೋಳು ಹಿಡಿದ.

ತಿರಕಪ್ಪ ಕೊಡವಿಕೊಂಡು ನಡೆದ. ಎರಡು ದಿನದಿಂದ ಎದೆಯೊಳಗೆ ಕುದ್ದದ್ದಕ್ಕೆ ಈಗ ದಾರಿ ಸಿಕ್ಕಿತ್ತು. ಎಳೆಯರಂತೆ ಒಂದೇ ನೆಗೆತಕ್ಕೆ ಕಟ್ಟೆ ಹತ್ತಿದ. ನೀರು ಕುಡಿಯುತ್ತಿದ್ದ ಹೋರಿಯೊಂದು ಬೆದರಿ ತಲೆ ಎತ್ತಿತು.

"ಕೇಳ್ರಿ ಸಂತಿ ಮಂದಿ! ಅಗಡಿ ತಿರಕಪ್ಪನ ಮಗ ಮಾಲತೇಶ, ಮೋಟೆಬೆನ್ನೂರ ಚಮನಸಾಬನ ಮಗ ರಫೀಕನ ಕೂಡ ಮುಸುಕಿನ್ಯಾಗ ಕೈ ಹಾಕಿ ಮಾತು ತಪ್ಪ್ಯಾನ! ಅವನ ಕೈ ಯಾರೂ ಹಿಡೀಬ್ಯಾಡ್ರಿ!"

ಮೊದಲ ಸಲಕ್ಕೆ ಹತ್ತಿರದವರು ಸುಮ್ಮನಾದರು. ಎರಡನೆಯ ಸಲಕ್ಕೆ ಚಹಾದಂಗಡಿಯವರು ಹೊರಗೆ ಬಂದರು. ಮೂರನೆಯ ಸಲಕ್ಕೆ ಅಷ್ಟು ದೊಡ್ಡ ಸಂತೆಯಲ್ಲಿ ದನಗಳ ಕೊರಳ ಗಂಟೆ ಬಿಟ್ಟರೆ ಬೇರೆ ಸದ್ದಿರಲಿಲ್ಲ. ಯಾರೋ ಫೋನು ಎತ್ತಿ ಹಿಡಿದಿದ್ದರು. ಹಿಡಿಯಲಿ ಎಂದುಕೊಂಡ ತಿರಕಪ್ಪ.

ಇಳಿದು ಬಂದಾಗ ಹಲಗೇರಿಯ ಪ್ರಭುಲಿಂಗಪ್ಪ ತನ್ನ ಎತ್ತುಗಳ ಹಗ್ಗ ಬಿಚ್ಚುತ್ತಿದ್ದ. ತಲೆ ತಗ್ಗಿಸಿಕೊಂಡು, "ತಪ್ಪ ತಿಳ್ಕೋಬ್ಯಾಡ್ರಿ ಯಜಮಾನ್ರ. ನೀವು ದೊಡ್ಡವರು, ಖರೇ ಮಂದಿ. ಆದ್ರ ಮನಿತನಾ ಅಂದಮ್ಯಾಲೆ ನಾನೂ ನಾಳೆ ಊರಾಗ ಉತ್ತರ ಹೇಳಬೇಕ್ರಿ" ಎಂದು ಎತ್ತು ಹೊಡೆದುಕೊಂಡು ಬೇರೆ ದಲಾಲನ ಕಡೆಗೆ ಹೋದ.

ಚಮನಸಾಬ ಹಣೆ ಹಣೆ ಬಡಿದುಕೊಂಡ. "ಏನ ಮಾಡಿಕೊಂಡಿ ನೋಡು! ರೂಢಿ ಗೊತ್ತಿದ್ದಾಂವ ನೀ. ಒದರಿದ್ದು ಮನಿಗೆಲ್ಲಾ ಬಡೀತದ ಅನ್ನೋದು ಗೊತ್ತಿಲ್ಲೇನು ನಿನಗ?"

"ಗೊತ್ತೈತಿ," ಎಂದ ತಿರಕಪ್ಪ. ಗೊತ್ತಿದ್ದೇ ಹತ್ತಿದ್ದ. ಗೊತ್ತಿಲ್ಲದೆ ಹತ್ತುವುದಕ್ಕೆ ಅವನೇನು ಗೋವಾದ ಮ್ಯಾನೇಜರನೇ?

ಬಿಸಿಲು ತಲೆಯ ಮೇಲೆ ಬಂತು. ದಿನಾ ಅವನ ಸುತ್ತ ಇರುತ್ತಿದ್ದ ಮಂದಿ ಆ ದಿನ ಬಳಸಿಕೊಂಡು ಹೋಯಿತು. ಕೆಲವರು ದೂರದಿಂದಲೇ ನಮಸ್ಕಾರ ಮಾಡಿದರು. ಆ ನಮಸ್ಕಾರಗಳನ್ನು ಕಂಡು ತಿರಕಪ್ಪನಿಗೆ ಮೈ ಉರಿಯಿತು. ಚಮನಸಾಬ ಬುತ್ತಿ ಬಿಚ್ಚಿ ಮುಂದಿಟ್ಟ. ಅಷ್ಟರಲ್ಲಿ ಫೋನು ಬಂತು. ಮಾಲತೇಶ.

"ಅಪ್ಪಾ! ಏನ ಮಾಡಿಟ್ಟಿ ನೀನು! ಆ ವಿಡಿಯೋ ಎಲ್ಲಾ ಕಡೆ ಹೋಗೇತಿ. ಮುಂಗಡ ಕೊಟ್ಟ ರೈತರು ಬಂದು ಬೀಜ ಒಲ್ಲೆ, ರೊಕ್ಕಾ ವಾಪಸ್ ಕೊಡು ಅನ್ನಾಕತ್ತಾರ. ಭಾನುವಾರದ ಸನ್ಮಾನ ಮುಂದ ಹಾಕೇವಿ ಅಂತ ಈಗ ಫೋನ್ ಬಂತು. ಹೆತ್ತ ಅಪ್ಪ ಮಾಡೋ ಕೆಲಸೇನು ಇದು?"

ಆಮೇಲೆ ಮಗನ ದನಿ ಇಳಿಯಿತು. ಸಣ್ಣವನಿದ್ದಾಗ ಜಾತ್ರೆಯಲ್ಲಿ ಏನಾದರೂ ಬೇಡುವಾಗಿನ ದನಿ.

"ಕೊಡ್ತೇನಿ ಬಿಡಪ್ಪಾ. ಏಳು ಲಕ್ಷ ಈಗ ಹಾಕ್ತೇನಿ, ರಫೀಕನ ಖಾತೆಗೆ. ಬೇಕಾದ್ರ ಒಂದು ಲಕ್ಷ ಹೆಚ್ಚ ಹಾಕ್ತೇನಿ. ನೀ ಮತ್ತೊಮ್ಮೆ ಹತ್ತು, ನನ್ನ ಹೆಸರ ವಾಪಸ್ ತಗೋ."

"ಏಳು ಹಾಕು. ಹೆಚ್ಚಿಂದು ಬ್ಯಾಡ, ಅವರೇನು ಭಿಕ್ಷಾ ಬೇಡಾಕತ್ತಿಲ್ಲ."

"ಹಾಕ್ತೇನಿ. ಮತ್ತ ಹೆಸರು?"

"ಯಾವ ಹೆಸರಲೇ?" ತಿರಕಪ್ಪ ಎದ್ದು ನಿಂತ. ಅವನ ದನಿಗೆ ಪಕ್ಕದ ಎತ್ತುಗಳು ಕಿವಿ ನಿಮಿರಿಸಿದವು. "ವಿಡಿಯೋ ಮತ್ತೊಮ್ಮೆ ಹಚ್ಚಿ ಕೇಳು. ಮೂರು ಸಲಾನೂ ಮೊದಲ ಒದರಿದ್ದು ನನ್ನ ಹೆಸರು. ನಿಂದು ಆಮ್ಯಾಲೆ ಬಂತು. ಹೆಸರ ವಾಪಸ್ ಕೊಡು ಅಂತ ಕೇಳಾಕ ನಿನಗರ ಒಬ್ಬ ಅಪ್ಪ ಅದಾನ. ನಾ ಯಾರನ್ನ ಕೇಳ್ಲಿ?"